ಯಾನ್ ಚೊಖ್ರಾಲ್ಸ್ಕಿ (1885–1953): ಏಕಸ್ಫಟಿಕ ಬೆಳೆಸುವ ವಿಧಾನದ ಜನಕ

ಸಾರ್ವಜನಿಕರು ಅರ್ಜಿ ಸಲ್ಲಿಸಲು ಬಳಸುವ ಗಣಕಯಂತ್ರ, ಮೊಬೈಲ್ ದೂರವಾಣಿ ಹಾಗೂ ಸ್ಮಾರ್ಟ್ ಕಾರ್ಡುಗಳಲ್ಲಿರುವ ಸಿಲಿಕಾನ್ ಚಿಪ್‌ಗಳ ಪೈಕಿ ಬಹುಪಾಲು ಒಂದೇ ವಿಧಾನದಿಂದ ಬೆಳೆಸಿದ ಸ್ಫಟಿಕಗಳಿಂದ ತಯಾರಾದವು. ಈ ವಿಧಾನಕ್ಕೆ ಪೋಲೆಂಡ್ ದೇಶದ ರಸಾಯನ ಹಾಗೂ ಲೋಹ ವಿಜ್ಞಾನಿ ಯಾನ್ ಚೊಖ್ರಾಲ್ಸ್ಕಿ ಅವರ ಹೆಸರನ್ನು ಇಡಲಾಗಿದೆ. ಅವರ ಜೀವನ ಮತ್ತು ಸಾಧನೆಯ ಕಿರುಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಚೊಖ್ರಾಲ್ಸ್ಕಿ ಅವರು 1885ರ ಅಕ್ಟೋಬರ್ 23ರಂದು, ಅಂದು ಪ್ರಷ್ಯಾದ ಆಳ್ವಿಕೆಗೆ ಒಳಪಟ್ಟಿದ್ದ ಕ್‌ತ್ಸಿನ್ಯಾ ಎಂಬ ಸಣ್ಣ ಪಟ್ಟಣದಲ್ಲಿ ಬಡಗಿಯೊಬ್ಬರ ಎಂಟನೆಯ ಮಗುವಾಗಿ ಜನಿಸಿದರು. ಶಾಲಾ ಪ್ರಮಾಣಪತ್ರದಲ್ಲಿನ ಅಂಕಗಳಿಂದ ಅಸಮಾಧಾನಗೊಂಡು ಅದನ್ನು ಹರಿದುಹಾಕಿದರೆಂದು ಹೇಳಲಾಗುತ್ತದೆ. ಅದು ನಿಜವಿರಲಿ ಇಲ್ಲದಿರಲಿ, ಪ್ರಮಾಣಪತ್ರದ ಕೊರತೆ ಅವರನ್ನು ಬಹುಕಾಲ ಕಾಡಿತು. 1904ರಲ್ಲಿ ಬರ್ಲಿನ್‌ಗೆ ತೆರಳಿ ಔಷಧ ಅಂಗಡಿಯಲ್ಲಿ ದುಡಿಯುತ್ತ ರಸಾಯನಶಾಸ್ತ್ರವನ್ನು ಕಲಿತರು. ತರುವಾಯ ಎಇಜಿ ವಿದ್ಯುತ್ ಸಂಸ್ಥೆಯ ಪ್ರಯೋಗಾಲಯವನ್ನು ಸೇರಿದರು.

1916ರಲ್ಲಿ ಆ ಪ್ರಯೋಗಾಲಯದಲ್ಲಿಯೇ ಅವರ ಮುಖ್ಯ ಸಂಶೋಧನೆ ನಡೆಯಿತು. ಪ್ರಚಲಿತವಿರುವ ವೃತ್ತಾಂತದ ಪ್ರಕಾರ, ಟಿಪ್ಪಣಿ ಬರೆಯುತ್ತಿದ್ದ ಚೊಖ್ರಾಲ್ಸ್ಕಿ ಅವರು ಲೇಖನಿಯನ್ನು ಶಾಯಿ ಕುಡಿಕೆಗೆ ಬದಲಾಗಿ ಪಕ್ಕದಲ್ಲಿದ್ದ ಕರಗಿದ ತವರದ ಮೂಸೆಯಲ್ಲಿ ಅದ್ದಿದರು. ಹೊರತೆಗೆದಾಗ ಲೇಖನಿಯ ಮೊನೆಯಿಂದ ತವರದ ತೆಳುವಾದ ಎಳೆಯೊಂದು ಜೋತುಬಿದ್ದಿತ್ತು. ಇಂತಹ ಎಳೆಯು ಅನೇಕ ಹರಳುಗಳ ಗುಂಪಾಗಿರದೆ ಒಂದೇ ಅಖಂಡ ಸ್ಫಟಿಕವಾಗಿರುವುದನ್ನು ಅವರು ಕಂಡುಕೊಂಡರು. ಲೋಹಗಳು ಹರಳುಗಟ್ಟುವ ವೇಗವನ್ನು ಅಳೆಯುವುದಕ್ಕಾಗಿ ಅವರು ಈ ವಿಧಾನವನ್ನು ಬಳಸಿದರು. ಪ್ರಬಂಧವು 1918ರಲ್ಲಿ ಪ್ರಕಟವಾಯಿತು. ಇದಕ್ಕೆ ಮುಂದೆ ಒದಗಲಿದ್ದ ಉಪಯೋಗವನ್ನು ಅಂದು ಯಾರೂ ಊಹಿಸಿರಲಿಲ್ಲ.

ಅರೆವಾಹಕ ವಸ್ತುವಿನಲ್ಲಿ ಹರಳುಗಳ ನಡುವೆ ಗಡಿಗಳಿದ್ದರೆ ವಿದ್ಯುತ್ ಕಣಗಳು ಅಲ್ಲಿ ಸಿಲುಕುತ್ತವೆ ಅಥವಾ ಚದುರುತ್ತವೆ. ಆದ್ದರಿಂದ ವಿಶ್ವಾಸಾರ್ಹ ಟ್ರಾನ್ಸಿಸ್ಟರಿಗೆ ಏಕಸ್ಫಟಿಕವು ಅತ್ಯಗತ್ಯ. 1948ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಗಾರ್ಡನ್ ಟೀಲ್ ಮತ್ತು ಜಾನ್ ಲಿಟಲ್ ಅವರು ಈ ವಿಧಾನದಿಂದ ಜರ್ಮೇನಿಯಂ ಸ್ಫಟಿಕವನ್ನು ಬೆಳೆಸಿದರು. ಕೆಲವೇ ವರ್ಷಗಳಲ್ಲಿ ಸಿಲಿಕಾನ್ ಸ್ಫಟಿಕವೂ ಸಾಧ್ಯವಾಯಿತು. ತವರವು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಸಿಲಿಕಾನ್ ಕರಗಲು 1414 ಡಿಗ್ರಿ ಬೇಕು. ಸಿಲಿಕಾ ಮೂಸೆಯಲ್ಲಿ ಕರಗಿಸಿದ ದ್ರವಕ್ಕೆ ಚಿಕ್ಕ ಬೀಜಸ್ಫಟಿಕವೊಂದನ್ನು ತಾಗಿಸಿ, ತಿರುಗಿಸುತ್ತ ಅತಿ ನಿಧಾನವಾಗಿ ಮೇಲಕ್ಕೆ ಎಳೆಯಲಾಗುತ್ತದೆ. ಹೀಗೆ ದೊರೆತ ದಿಂಡನ್ನು ತೆಳುವಾದ ಬಿಲ್ಲೆಗಳಾಗಿ ಕತ್ತರಿಸಿ ಚಿಪ್‌ಗಳನ್ನು ತಯಾರಿಸುತ್ತಾರೆ. 300 ಮಿಲಿಮೀಟರ್ ವ್ಯಾಸದ ಬಿಲ್ಲೆಗಳೂ ಬಳಕೆಯಲ್ಲಿವೆ. ಲೇಸರ್ ಉಪಕರಣಗಳಲ್ಲಿ ಬಳಸುವ ಇಟ್ರಿಯಂ ಅಲ್ಯೂಮಿನಿಯಂ ಗಾರ್ನೆಟ್‌ನಂತಹ ಆಕ್ಸೈಡ್ ಸ್ಫಟಿಕಗಳನ್ನೂ ಇದೇ ರೀತಿ ಬೆಳೆಸಲಾಗುತ್ತದೆ.

ಚೊಖ್ರಾಲ್ಸ್ಕಿ ಅವರಿಗೆ ಜೀವಿತಕಾಲದಲ್ಲಿ ಹೆಸರು ಮತ್ತು ಹಣ ತಂದದ್ದು ಬೇರೊಂದು ಶೋಧ. 1917ರಲ್ಲಿ ಫ್ರಾಂಕ್‌ಫರ್ಟ್‌ಗೆ ತೆರಳಿದ ಅವರು, ದುಬಾರಿಯಾದ ತವರವಿಲ್ಲದೆ ಸೀಸ ಪ್ರಧಾನವಾದ ಬೇರಿಂಗ್ ಮಿಶ್ರಲೋಹವನ್ನು ರೂಪಿಸಿ 1924ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ರೈಲ್ವೆಯಲ್ಲಿ ಅದು ವ್ಯಾಪಕವಾಗಿ ಬಳಕೆಗೆ ಬಂತು. ಪೋಲೆಂಡ್‌ನ ಅಧ್ಯಕ್ಷರೂ ಸ್ವತಃ ರಸಾಯನವಿಜ್ಞಾನಿಯೂ ಆಗಿದ್ದ ಇಗ್ನಾತ್ಸಿ ಮೊಶ್ಚಿತ್ಸ್ಕಿ ಅವರ ಆಹ್ವಾನದ ಮೇರೆಗೆ ಅವರು 1920ರ ದಶಕದ ಕೊನೆಯಲ್ಲಿ ತಾಯ್ನಾಡಿಗೆ ಮರಳಿದರು. ವಾರ್ಸಾ ತಾಂತ್ರಿಕ ವಿಶ್ವವಿದ್ಯಾಲಯವು 1929ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಶಾಲಾ ಪ್ರಮಾಣಪತ್ರವಿಲ್ಲದ ವ್ಯಕ್ತಿ ಪ್ರಾಧ್ಯಾಪಕರಾದರು.

ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ವಾರ್ಸಾವನ್ನು ಆಕ್ರಮಿಸಿಕೊಂಡಾಗ, ಅವರ ಅನುಮತಿಯೊಂದಿಗೆ ಚೊಖ್ರಾಲ್ಸ್ಕಿ ಅವರು ವಿಶ್ವವಿದ್ಯಾಲಯದಲ್ಲಿ ವಸ್ತುಪರೀಕ್ಷಾ ವಿಭಾಗವೊಂದನ್ನು ನಡೆಸಿದರು. ಇದರಿಂದ ಅನೇಕ ನೌಕರರಿಗೆ ಕೆಲಸ ಹಾಗೂ ರಕ್ಷಣೆ ದೊರೆಯಿತು. ಆದರೆ ಯುದ್ಧದ ಕೊನೆಯಲ್ಲಿ ಇದೇ ಕಾರ್ಯ ಶತ್ರುಗಳೊಡನೆ ಕೈಜೋಡಿಸಿದ ಆರೋಪಕ್ಕೆ ಕಾರಣವಾಯಿತು. 1945ರ ಏಪ್ರಿಲ್‌ನಲ್ಲಿ ಅವರನ್ನು ಬಂಧಿಸಲಾಯಿತು. ಸಾಕ್ಷ್ಯಾಧಾರಗಳಿಲ್ಲದ ಕಾರಣ ಆಗಸ್ಟ್‌ನಲ್ಲಿ ಪ್ರಕರಣವನ್ನು ಕೈಬಿಡಲಾಯಿತು. ಆದರೂ ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಸೆನೆಟ್ ಅವರನ್ನು ಮರಳಿ ಸೇರಿಸಿಕೊಳ್ಳಲು ನಿರಾಕರಿಸಿತು. ಕಾನೂನು ಬಿಟ್ಟುಕೊಟ್ಟವರನ್ನು ಸಹೋದ್ಯೋಗಿಗಳು ಬಿಡಲಿಲ್ಲವೆಂಬುದು ಈ ಜೀವನದ ಅತ್ಯಂತ ಕಹಿಯಾದ ಸಂಗತಿ.

ಹುಟ್ಟೂರಿಗೆ ಹಿಂದಿರುಗಿದ ಅವರು ಪ್ರಸಾಧನ ಸಾಮಗ್ರಿ ಹಾಗೂ ಗೃಹಬಳಕೆಯ ರಾಸಾಯನಿಕಗಳನ್ನು ತಯಾರಿಸುವ ಸಣ್ಣ ಘಟಕವನ್ನು ನಡೆಸಿ ಜೀವನ ಸಾಗಿಸಿದರು. ಭದ್ರತಾ ಪೊಲೀಸರು ಮನೆಯ ಶೋಧ ನಡೆಸಿದ ನಂತರ ಹೃದಯಾಘಾತಕ್ಕೆ ಒಳಗಾಗಿ 1953ರ ಏಪ್ರಿಲ್ 22ರಂದು ಪೊಜ್ನಾನ್ ನಗರದಲ್ಲಿ ನಿಧನ ಹೊಂದಿದರು. ಅವರ ವಿಧಾನದಿಂದ ಬೆಳೆದ ಸ್ಫಟಿಕಗಳು ಆ ವೇಳೆಗಾಗಲೇ ಅಮೆರಿಕದಲ್ಲಿ ಟ್ರಾನ್ಸಿಸ್ಟರುಗಳಾಗುತ್ತಿದ್ದವು.

ಯುದ್ಧಕಾಲದಲ್ಲಿ ಅವರು ಪೋಲೆಂಡ್‌ನ ಭೂಗತ ಸೇನೆಯ ಬೇಹುಗಾರಿಕೆಗೆ ಗುಟ್ಟಾಗಿ ನೆರವಾಗಿದ್ದರೆಂಬುದನ್ನು ದೃಢಪಡಿಸುವ ದಾಖಲೆಗಳು ಬಹುಕಾಲದ ನಂತರ ಪತ್ರಾಗಾರದಲ್ಲಿ ದೊರೆತವು. 2011ರ ಜೂನ್ 29ರಂದು ವಾರ್ಸಾ ತಾಂತ್ರಿಕ ವಿಶ್ವವಿದ್ಯಾಲಯದ ಸೆನೆಟ್ ಅವರ ಗೌರವವನ್ನು ಪುನಃಸ್ಥಾಪಿಸಿತು. ಪೋಲೆಂಡ್‌ನ ಸಂಸತ್ತು 2013ನ್ನು ಚೊಖ್ರಾಲ್ಸ್ಕಿ ವರ್ಷವೆಂದು ಘೋಷಿಸಿತು.