ಕೈನಡುಕ ಕಂಡವನು, ಮರೆವು ಕಾಣದವನು

ಕಂಪವಾತಕ್ಕೆ ಇಂದು ಲೋಕವೆಲ್ಲ ಜೇಮ್ಸ್ ಪಾರ್ಕಿನ್‌ಸನ್ನನ ಹೆಸರನ್ನೇ ಹೇಳುತ್ತದೆ. ಆತನ ಭಾವಚಿತ್ರ ಮಾತ್ರ ಒಂದೂ ಉಳಿದಿಲ್ಲ.

ಆತನು ಹುಟ್ಟಿದ್ದು 1755ರ ಏಪ್ರಿಲ್ 11ರಂದು, ಲಂಡನ್ನಿನ ಹಾಕ್ಸ್‌ಟನ್ನಿನಲ್ಲಿ. ತಂದೆಯ ವೈದ್ಯವೃತ್ತಿಯನ್ನೇ ಹಿಡಿದು ಅವೇ ಓಣಿಗಳಲ್ಲಿ ಆಯುಷ್ಯವನ್ನು ಸವೆಸಿದನು. ಆದರೆ ನಾಡಿ ಹಿಡಿದು ಸುಮ್ಮನೆ ಕುಳಿತ ಜೀವವಲ್ಲ ಅದು. ಪಾರ್ಲಿಮೆಂಟಿನಲ್ಲಿ ಸಾಮಾನ್ಯರ ದನಿಗೂ ಎಡೆ ಬೇಕೆಂದು ಗುಪ್ತನಾಮದಿಂದ ಕರಪತ್ರಗಳನ್ನು ಬರೆದನು. 1794ರಲ್ಲಿ, ಅರಸನ ಕೊಲೆಗೆ ಸಂಚು ನಡೆಯಿತೆಂಬ ಗುಲ್ಲೆದ್ದಾಗ, ಪ್ರಿವಿ ಕೌನ್ಸಿಲಿನ ಮುಂದೆ ವಿಚಾರಣೆಗೆ ನಿಂತನು. ಪಳೆಯುಳಿಕೆಗಳ ಮೇಲೆ ಮೂರು ಸಂಪುಟಗಳನ್ನು ಬರೆದನು. 1807ರಲ್ಲಿ ಭೂವಿಜ್ಞಾನ ಸಂಘವನ್ನು ಕಟ್ಟಿದವರಲ್ಲಿ ಒಬ್ಬನಾದನು.

ಆತನ ಹೆಸರನ್ನು ಉಳಿಸಿದ್ದು ಮಾತ್ರ 1817ರಲ್ಲಿ ಹೊರಟ 66 ಪುಟಗಳ ಕಿರುಹೊತ್ತಗೆ. ಅದರಲ್ಲಿ ಬರುವ ರೋಗಿಗಳು ಆರೇ ಜನ. ಇಬ್ಬರು ಬೀದಿಯಲ್ಲಿ ಅಕಸ್ಮಾತ್ತಾಗಿ ಎದುರಾದವರು. ಒಬ್ಬನನ್ನಂತೂ ದೂರದಿಂದ ಕಂಡದ್ದಷ್ಟೆ. ಆದರೂ ಎಂಥ ಕಣ್ಣು! ಸುಮ್ಮನಿರುವಾಗಲೇ ನಡುಗುವ ಕೈ, ಮುಂದಕ್ಕೆ ಬಾಗಿದ ಮೈ, ನಡೆಯಹೋಗಿ ಓಟಕ್ಕೆ ತಿರುಗುವ ಕಾಲು, ಇವನ್ನೆಲ್ಲ ಒಂದೇ ವ್ಯಾಧಿಯ ಸೂತ್ರದಲ್ಲಿ ಪೋಣಿಸಿದವರು ಆತನಿಗಿಂತ ಮುಂಚೆ ವಿರಳ. ಸತ್ತವರ ದೇಹವನ್ನು ಪರೀಕ್ಷಿಸಲು ತನಗೆ ಆಗಿಲ್ಲವೆಂದೂ, ಊಹೆಯನ್ನೇ ನೆಚ್ಚಬೇಕಾಯಿತೆಂದೂ ಆತನು ಮುನ್ನುಡಿಯಲ್ಲಿಯೇ ಒಪ್ಪಿಕೊಂಡನು. ಈ ವಿನಯ ದೊಡ್ಡದು.

ಆದರೆ ಒಂದು ಕಡೆ ಎಡವಿದನು. ಈ ವ್ಯಾಧಿ ಬುದ್ಧಿಯನ್ನು ಮುಟ್ಟುವುದಿಲ್ಲವೆಂದು ಆತನು ಬರೆದನು. ಕೈಯ ನಡುಕವನ್ನು ಬೀದಿಯಲ್ಲಿ ನಿಂತು ಕಾಣಬಹುದು. ನೆನಪು ಸವೆಯುವುದನ್ನು ಕಾಣಬೇಕಾದರೆ ರೋಗಿಯ ಮಗ್ಗುಲಲ್ಲಿ ವರ್ಷಗಟ್ಟಲೆ ಕೂಡಬೇಕು. ಹಾಗೆ ಕುಳಿತವನು ಪ್ಯಾರಿಸ್ಸಿನ ಶಾರ್ಕೊ. ರೋಗಕ್ಕೆ ಪಾರ್ಕಿನ್‌ಸನ್ನನ ಹೆಸರನ್ನಿಟ್ಟವನೂ ಅವನೇ, ಕೊನೆಕೊನೆಗೆ ಮನಸ್ಸು ಮಸುಳಿ ನೆನಪು ಕೆಡುತ್ತದೆಂದು ತಿದ್ದಿದವನೂ ಅವನೇ. ವಯಸ್ಸಾದಂತೆ ಎಲ್ಲರ ಮಿದುಳೂ ತುಸು ಕುಗ್ಗುವುದುಂಟು; ಈ ರೋಗದಲ್ಲಿ ಮರೆವು ಬಲಿತವರಲ್ಲಿ, ನೆನಪನ್ನು ಕೂಡಿಡುವ ಭಾಗವೂ ಹೊರಪದರವೂ ಇನ್ನಷ್ಟು ಕುಗ್ಗುತ್ತವೆಂದು ಇಂದಿನ ಸ್ಕ್ಯಾನ್ ಯಂತ್ರಗಳು ತೋರಿಸಿವೆ. ಎಲ್ಲ ರೋಗಿಗಳಿಗೂ ಹಾಗಾಗದು. ವಯಸ್ಸೂ ರೋಗವೂ ಜೊತೆಯಾಗಿ ಹಳತಾದಂತೆ ಆ ಭಯ ಹೆಚ್ಚು.

ಲಕ್ಷ್ಮೇಶ್ವರದಲ್ಲಿದ್ದ ನನ್ನ ಗುರುಗಳೊಬ್ಬರಿಗೆ ಗದುಗಿನ ಭಾರತದ ಸಂಧಿಗಳು ಬಾಯಿಪಾಠವಾಗಿದ್ದವು. ಕೈ ನಡುಗಲು ತೊಡಗಿ ಎಂಟು ವರ್ಷಗಳ ಮೇಲೆ ಒಂದು ದಿನ ಅವರು ಷಟ್ಪದಿಯ ನಡುವೆ ನಿಂತುಬಿಟ್ಟರು. ಆಯಾಸವೆಂದುಕೊಂಡು ನಾನೇ ಮುಂದಿನ ಸಾಲನ್ನು ಹೇಳಿಕೊಟ್ಟೆ. ಮುಂದಿನ ವಾರವೂ ಅದೇ ಎಡೆಯಲ್ಲಿ ನಿಂತರು. ಮನೆಯವರು ಕೈಗಷ್ಟೇ ಔಷಧ ಕೊಡಿಸುತ್ತಿದ್ದರು. ಮರೆವನ್ನು ವೈದ್ಯರಿಗೆ ತಿಳಿಸಬೇಕೆಂದು ನಮಗಾರಿಗೂ ಹೊಳೆಯಲಿಲ್ಲ.

ಪಾರ್ಕಿನ್‌ಸನ್ನನಿಗೆ ಈ ವ್ಯಾಧಿ ತಗಲಲಿಲ್ಲ. 1824ರ ಡಿಸೆಂಬರಿನಲ್ಲಿ ಲಕ್ವ ಹೊಡೆದು ಮಾತು ತೊಡರಿತು. 21ರಂದು, ತನ್ನ 69ನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡನು.