ಸರ್ ಎಂ. ವಿಶ್ವೇಶ್ವರಯ್ಯನವರು ಮತ್ತು ಕೃಷ್ಣರಾಜಸಾಗರ: ವೀಕ್ಷಕರ ಮಾಹಿತಿಗಾಗಿ

ಕೃಷ್ಣರಾಜಸಾಗರ ಜಲಾಶಯವನ್ನು ವೀಕ್ಷಿಸಲು ಬರುವ ಸಾರ್ವಜನಿಕರು ಹಾಗೂ ಅಧ್ಯಯನ ಪ್ರವಾಸಕ್ಕೆ ಅನುಮತಿ ಕೋರುವ ಶಿಕ್ಷಣ ಸಂಸ್ಥೆಗಳ ಅವಗಾಹನೆಗಾಗಿ, ಈ ಅಣೆಕಟ್ಟೆಯ ಯೋಜನೆಯನ್ನು ರೂಪಿಸಿದ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ವಿಶ್ವೇಶ್ವರಯ್ಯನವರು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಸೆಪ್ಟೆಂಬರ್ 15ರಂದು ಜನಿಸಿದರು. ಜನ್ಮವರ್ಷವನ್ನು ಕೆಲವರು 1860 ಎಂದೂ ಕೆಲವರು 1861 ಎಂದೂ ಬರೆಯುತ್ತಾರೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಇವರ ಬಾಲ್ಯದಲ್ಲಿಯೇ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಪದವಿ ಪಡೆದು, ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮುಗಿಸಿ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸಹಾಯಕ ಎಂಜಿನಿಯರ್ ಆಗಿ ಸೇರಿದರು. ಸಿಂಧ್ ಪ್ರದೇಶದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸಿದ ಕಾಮಗಾರಿ ಅವರ ಆರಂಭದ ಕೆಲಸಗಳಲ್ಲಿ ಒಂದು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಅವರು 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಹೆಸರು ತಂದವು. ನೀರು ಪೂರ್ಣಮಟ್ಟವನ್ನು ಮೀರಿದಾಗ ಈ ಬಾಗಿಲುಗಳು ತಾವಾಗಿಯೇ ತೆರೆದು, ಪ್ರವಾಹ ಇಳಿದ ಮೇಲೆ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸುವ ಈ ಉಪಾಯವನ್ನು ಮುಂದೆ ಕೃಷ್ಣರಾಜಸಾಗರದಲ್ಲಿಯೂ ಬಳಸಲಾಯಿತು. 1908ರಲ್ಲಿ ಮೂಸಿ ನದಿಯ ಭೀಕರ ಪ್ರವಾಹಕ್ಕೆ ಸಿಲುಕಿದ ಹೈದರಾಬಾದ್ ನಗರದ ರಕ್ಷಣೆಗೂ ಅವರು ಯೋಜನೆ ಸಿದ್ಧಪಡಿಸಿಕೊಟ್ಟರು.

1909ರ ನವೆಂಬರ್‌ನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿ ಅಧಿಕಾರ ವಹಿಸಿಕೊಂಡರು. 1902ರಿಂದ ಶಿವನಸಮುದ್ರದ ವಿದ್ಯುದಾಗಾರವು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಪೂರೈಸುತ್ತಿತ್ತು. ಬೇಸಿಗೆಯಲ್ಲಿ ಕಾವೇರಿಯ ಹರಿವು ಕುಗ್ಗಿದರೆ ಅದಕ್ಕೆ ತೊಂದರೆಯಾಗುತ್ತಿತ್ತು. ಮಂಡ್ಯ ಸೀಮೆಯ ಹೊಲಗಳು ಮಳೆಯನ್ನೇ ನಂಬಿದ್ದವು. ಇವೆರಡಕ್ಕೂ ಪರಿಹಾರವಾಗಿ ಕನ್ನಂಬಾಡಿ ಗ್ರಾಮದ ಬಳಿ ಅಣೆಕಟ್ಟೆ ಕಟ್ಟುವ ಯೋಜನೆಯನ್ನು ಅವರು ಮುಂದಿಟ್ಟರು. ವೆಚ್ಚ ಅಪಾರವೆಂಬ ಆಕ್ಷೇಪಣೆಗಳು ಸಂಸ್ಥಾನದ ಒಳಗೇ ಎದ್ದವು. ಕೊನೆಗೆ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಮಂಜೂರಾತಿಯೊಂದಿಗೆ 1911ರಲ್ಲಿ ಕಾಮಗಾರಿ ಆರಂಭವಾಯಿತು.

ಹೊರಗಿನ ಅಡಚಣೆ ಇದಕ್ಕಿಂತಲೂ ದೊಡ್ಡದು. 1892ರ ಒಪ್ಪಂದದ ಪ್ರಕಾರ ಕಾವೇರಿಗೆ ಹೊಸ ಅಣೆಕಟ್ಟೆ ಕಟ್ಟಲು ಮದರಾಸು ಸರ್ಕಾರದ ಸಮ್ಮತಿ ಅಗತ್ಯವಾಗಿತ್ತು. ವಿಶ್ವೇಶ್ವರಯ್ಯನವರ ಯೋಜನೆಯಲ್ಲಿ ಎರಡು ಹಂತಗಳಿದ್ದವು: ಮೊದಲು 80 ಅಡಿಯವರೆಗೆ ನೀರು ನಿಲ್ಲಿಸುವುದು, ನಂತರ ಅದನ್ನು 124 ಅಡಿಗೆ ಏರಿಸುವುದು. ಸಮ್ಮತಿ ದೊರೆತದ್ದು 11 ಟಿ.ಎಂ.ಸಿ. ನೀರಿನ ಮೊದಲ ಹಂತಕ್ಕೆ ಮಾತ್ರ. ಕಲ್ಲಿನ ಕಟ್ಟೆಯನ್ನು ಒಮ್ಮೆ ಕಿರಿದಾದ ತಳಪಾಯದ ಮೇಲೆ ಕಟ್ಟಿದರೆ, ಮುಂದೆ ಅದನ್ನು ಎತ್ತರಿಸುವುದು ಕಷ್ಟಸಾಧ್ಯ; ಎತ್ತರ ಹೆಚ್ಚಿದಂತೆ ನೀರಿನ ಒತ್ತಡವನ್ನು ತಡೆಯಲು ಬುಡದ ಅಗಲವೂ ಹೆಚ್ಚಬೇಕಾಗುತ್ತದೆ. ಆದ್ದರಿಂದ ತಳಪಾಯವನ್ನು ಪ್ರಾರಂಭದಲ್ಲಿಯೇ ಪೂರ್ಣ ಎತ್ತರಕ್ಕೆ ತಕ್ಕಂತೆ ಹಾಕಲಾಯಿತು. ಇದು ಸಾಹಸವೇ ಸರಿ. ಎರಡನೆಯ ಹಂತಕ್ಕೆ ಅನುಮತಿ ದೊರೆಯದಿದ್ದರೆ ಆ ವೆಚ್ಚವೆಲ್ಲ ನದಿಯ ತಳದಲ್ಲಿ ಹೂತುಹೋಗುತ್ತಿತ್ತು. ಮದರಾಸು ಸರ್ಕಾರ ಆಕ್ಷೇಪಿಸಿತು. ವಿವಾದ ಮಧ್ಯಸ್ಥಿಕೆಗೆ ಹೋಗಿ, 1914ರ ತೀರ್ಪು ಮೈಸೂರಿನ ಪರವಾಗಿ ಬಂದರೂ ಅಲ್ಲಿಗೆ ಮುಗಿಯದೆ, 1924ರ ಒಪ್ಪಂದದವರೆಗೂ ಎಳೆಯಿತು.

1912ರಲ್ಲಿ ದಿವಾನರಾಗಿ ನೇಮಕಗೊಂಡ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಬ್ಯಾಂಕ್ (1913), ಕನ್ನಡ ಸಾಹಿತ್ಯ ಪರಿಷತ್ತು (1915) ಮತ್ತು ಮೈಸೂರು ವಿಶ್ವವಿದ್ಯಾನಿಲಯ (1916) ಸ್ಥಾಪನೆಯಾದವು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಪ್ರಾತಿನಿಧ್ಯ ನೀಡುವ ವಿಷಯದಲ್ಲಿ ಮಹಾರಾಜರೊಂದಿಗೆ ಭಿನ್ನಾಭಿಪ್ರಾಯ ಉಂಟಾಗಿ, 1918ರ ಕೊನೆಯಲ್ಲಿ ಅವರು ಹುದ್ದೆಯನ್ನು ತೊರೆದರು. ಅವರ ಆ ನಿಲುವು ಇಂದಿಗೂ ಚರ್ಚೆಗೆ ಒಳಗಾಗುತ್ತಿರುತ್ತದೆ. ಹೀಗೆ, ಅಣೆಕಟ್ಟೆ ಪೂರ್ಣ ಎತ್ತರಕ್ಕೆ ಏರಿದಾಗ ಅವರು ಅಧಿಕಾರದಲ್ಲಿರಲಿಲ್ಲ. 1931ರಲ್ಲಿ ಕಾಮಗಾರಿ ಮುಗಿಯಿತು. ಸುಮಾರು 8,600 ಅಡಿ ಉದ್ದದ ಈ ಕಟ್ಟೆಯಲ್ಲಿ ಸಿಮೆಂಟಿಗೆ ಬದಲಾಗಿ ಸುಣ್ಣ ಮತ್ತು ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯನ್ನು ಬಳಸಲಾಗಿದೆ. ಗರಿಷ್ಠ ನೀರಿನ ಮಟ್ಟ 124.80 ಅಡಿ; ಸಂಗ್ರಹಣಾ ಸಾಮರ್ಥ್ಯ 49.452 ಟಿ.ಎಂ.ಸಿ.

ಈ ನೀರಿಗೆ ಜಾಗ ಬಿಟ್ಟುಕೊಟ್ಟವರನ್ನೂ ವೀಕ್ಷಕರು ನೆನೆಯುವುದು ಉಚಿತ. ಕನ್ನಂಬಾಡಿಯೂ ಸೇರಿದಂತೆ ಹಲವು ಗ್ರಾಮಗಳು ಮುಳುಗಿ, ಜನರು ಮನೆ, ಹೊಲ, ದೇವಾಲಯಗಳನ್ನು ಬಿಟ್ಟು ಬೇರೆಡೆ ನೆಲೆಸಬೇಕಾಯಿತು. ಬರಗಾಲದಲ್ಲಿ ನೀರು ತಗ್ಗಿದಾಗ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವು ಹೊರಗೆ ಕಾಣಿಸಿಕೊಳ್ಳುತ್ತಿತ್ತು. ಆ ದೇವಾಲಯವನ್ನು ಬಿಚ್ಚಿ ತಂದು, ಹಿನ್ನೀರಿನ ದಡದ ಹೊಸ ಕನ್ನಂಬಾಡಿಯಲ್ಲಿ ಮರುನಿರ್ಮಿಸಲಾಗಿದ್ದು, ಸಾರ್ವಜನಿಕರು ಅದನ್ನು ಅಲ್ಲಿ ನೋಡಬಹುದು.

ಮೈಸೂರಿನಿಂದ ಸುಮಾರು 20 ಕಿ.ಮೀ. ದೂರದ ಈ ತಾಣಕ್ಕೆ ಬರುವವರಲ್ಲಿ ಹೆಚ್ಚಿನವರು ಬೃಂದಾವನ ಉದ್ಯಾನದ ಕಾರಂಜಿಗಳನ್ನು ನೋಡಿ ಹಿಂದಿರುಗುತ್ತಾರೆ. ಆ ಉದ್ಯಾನವು ಮುಂದೆ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದ್ದು. ಉದ್ಯಾನದಿಂದ ತಲೆಯೆತ್ತಿ ನೋಡಿದರೆ ಕಟ್ಟೆಯ ಕಲ್ಲುಗೋಡೆ ಕಾಣುತ್ತದೆ. ಇಷ್ಟೆಲ್ಲ ವಿವಾದಕ್ಕೆ ಕಾರಣವಾದ ತಳಪಾಯ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ವಿಶ್ವೇಶ್ವರಯ್ಯನವರ ಬಗ್ಗೆ ಹೆಚ್ಚು ತಿಳಿಯಬಯಸುವವರು ಮುದ್ದೇನಹಳ್ಳಿಗೆ ಹೋಗುವುದು ಒಳಿತು. ಅಲ್ಲಿ ಅವರ ಮನೆಯನ್ನು ವಸ್ತುಸಂಗ್ರಹಾಲಯವಾಗಿ ರೂಪಿಸಲಾಗಿದೆ.

1955ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರರಾದ ಅವರು 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು; ಸಮಾಧಿ ಹುಟ್ಟೂರಿನಲ್ಲಿದೆ. ಜಲಾಶಯದಿಂದ ಹೊರಟು, ಹುಲಿಕೆರೆಯ ಸುರಂಗವನ್ನು ಹಾದು ಮಂಡ್ಯದ ಗದ್ದೆಗಳಿಗೆ ನೀರೊಯ್ಯುವ ನಾಲೆಗೆ ಮೊದಲು ಇರ್ವಿನ್ ನಾಲೆ ಎಂಬ ಹೆಸರಿತ್ತು. ಈಗ ಅದು ವಿಶ್ವೇಶ್ವರಯ್ಯ ನಾಲೆ. ರೈತರ ಮಾತಿನಲ್ಲಿ ವಿ.ಸಿ. ನಾಲೆ.