ತೆಂಗಿನ ಬೇರಿಗೆ ಕಟ್ಟಿದ ಚೀಲ

ಕಿಬ್ಬನಹಳ್ಳಿ, ತಿಪಟೂರು ಕಡೆಯ ಗೆಳೆಯರಿಗೆ ತೆಂಗಿನ ಅಣಬೆ ರೋಗ ಹೊಸದಲ್ಲ. ಬುಡದಲ್ಲಿ ಕಂದು ರಸ ಸೋರುತ್ತೆ, ಗರಿ ಜೋತುಬೀಳುತ್ತೆ, ಕಡೆಗೆ ಮರವೇ ಹೋಗುತ್ತೆ. ಇದಕ್ಕೆ ಕೃಷಿ ವಿಜ್ಞಾನಿಗಳು ಹೇಳಿಕೊಟ್ಟ ಒಂದು ಚಿಕಿತ್ಸೆ ಇದೆ: 2 ಗ್ರಾಂ ಆರಿಯೋಫಂಜಿನ್, 1 ಗ್ರಾಂ ಮೈಲುತುತ್ತ, 100 ಮಿ.ಲೀ. ನೀರು. ಎಳೆ ಬೇರನ್ನು ಓರೆಯಾಗಿ ಕತ್ತರಿಸಿ, ಔಷಧಿ ತುಂಬಿದ ಚೀಲದೊಳಗೆ ಇಳಿಸಿ ಕಟ್ಟೋದು. ಮರಕ್ಕೆ ಡ್ರಿಪ್ ಹಾಕಿದ ಹಾಗೆ! ಈ ಆರಿಯೋಫಂಜಿನ್ ಹಿಂದೆ ನಮ್ಮ ಮೈಸೂರು ಸೀಮೆಯವರೊಬ್ಬರು ಇದ್ದರು.

ಎಂ. ಜೆ. ತಿರುಮಲಾಚಾರ್ ಹುಟ್ಟಿದ್ದು 1914ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಗಿಡಗಳ ತುಕ್ಕು ರೋಗ, ಕಾಡಿಗೆ ರೋಗ ತರುವ ಶಿಲೀಂಧ್ರಗಳ ಬೆನ್ನು ಹತ್ತಿದರು. ಆಮೇಲೆ ಅಮೆರಿಕದ ವಿಸ್ಕಾನ್ಸಿನ್, ಅಲ್ಲಿಂದ ಬಂದು ಪಾಟ್ನಾದಲ್ಲಿ ಆಲೂಗಡ್ಡೆ ರೋಗಗಳ ಕೆಲಸ. ಕೊನೆಗೆ ಸೇರಿದ್ದು ಪುಣೆ ಪಕ್ಕದ ಪಿಂಪ್ರಿಯಲ್ಲಿ 1954ರಲ್ಲಿ ಶುರುವಾದ ಹಿಂದೂಸ್ತಾನ್ ಆಂಟಿಬಯಾಟಿಕ್ಸ್. ಪೆನ್ಸಿಲಿನ್ ತಯಾರಿಸೋಕೆ ಅಂತ ಸರ್ಕಾರ ಕಟ್ಟಿದ ಕಾರ್ಖಾನೆ ಅದು. ಇವರು ಅಲ್ಲಿ ಹೊಸ ಔಷಧಿ ಹುಡುಕೋಕೆ ಕೂತರು.

ಇಲ್ಲಿ ಸ್ವಲ್ಪ ನಿಲ್ಲೋಣ, ಎಂಜಿನಿಯರ್‌ಗಳಿಗೆ ಇಷ್ಟವಾಗೋ ಭಾಗ ಇದು. ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸುವ ಯಂತ್ರ, ಅಂದರೆ ರೈಬೋಸೋಮ್, ನಮ್ಮದಕ್ಕಿಂತ ಬೇರೆ: ಅದು 70ಎಸ್, ನಮ್ಮದು 80ಎಸ್. ಸ್ಟ್ರೆಪ್ಟೋಮೈಸಿನ್ ಆ ಯಂತ್ರವನ್ನೇ ಕೆಡಿಸುತ್ತೆ. ತಪ್ಪಾಗಿ ಹೆಣೆದ ಪ್ರೋಟೀನ್‌ಗಳು ಒಳಗೆ ರಾಶಿ ಬಿದ್ದು ಬ್ಯಾಕ್ಟೀರಿಯಾ ಸಾಯುತ್ತೆ. ಆದರೆ ಶಿಲೀಂಧ್ರದ ರೈಬೋಸೋಮ್ ಕೂಡ 80ಎಸ್. ಅದಕ್ಕೆ ಹೊಡೆಯೋಕೆ ಹೋದರೆ ಪೆಟ್ಟು ನಮಗೂ ಬೀಳುತ್ತೆ. ಉಳಿದ ದಾರಿಗಳಲ್ಲೊಂದು ಜೀವಕೋಶದ ಪೊರೆ: ಅವುಗಳಲ್ಲಿ ಎರ್ಗೋಸ್ಟೆರಾಲ್, ನಮ್ಮಲ್ಲಿ ಕೊಲೆಸ್ಟೆರಾಲ್. ವ್ಯತ್ಯಾಸ ಇಷ್ಟೇ ಇಷ್ಟು.

ಆ ಸಣ್ಣ ಸಂದಿಯಲ್ಲೇ ತಿರುಮಲಾಚಾರ್ ತಂಡ ನುಗ್ಗಿತು. ಪಿಂಪ್ರಿಯ ಹೆಸರನ್ನೇ ಹೊತ್ತ ಸ್ಟ್ರೆಪ್ಟೋಮೈಸಿಸ್ ಪಿಂಪ್ರಿನಾ ಎಂಬ ಸೂಕ್ಷ್ಮಜೀವಿಯಿಂದ 1961ರ ಹೊತ್ತಿಗೆ ಹ್ಯಾಮೈಸಿನ್ ಬಂತು. ಹೆಸರಿನ ಮೊದಲ 'ಹ್ಯಾ' ಕಂಪನಿಯ ಎಚ್‌ಎ. 1964ರಲ್ಲಿ ಆರಿಯೋಫಂಜಿನ್. ಸಂದಿ ಸಣ್ಣದಾದ್ದರಿಂದ ತೊಂದರೆ ತಪ್ಪಲಿಲ್ಲ: ಈ ಜಾತಿಯ ಔಷಧಿಗಳು ನಮ್ಮ ಕೊಲೆಸ್ಟೆರಾಲನ್ನೂ ಸ್ವಲ್ಪ ಹಿಡಿಯುತ್ತವೆ, ನುಂಗಿದರೆ ರಕ್ತಕ್ಕೆ ಸರಿಯಾಗಿ ಸೇರೋದೂ ಇಲ್ಲ. ಹಾಗಾಗಿ ಹ್ಯಾಮೈಸಿನ್ ಹೆಚ್ಚಾಗಿ ಮೇಲೆ ಹಚ್ಚುವ ಮದ್ದಾಗಿಯೇ ಉಳಿಯಿತು. ಆರಿಯೋಫಂಜಿನ್ ಹೊಲ-ತೋಟಕ್ಕೆ ಹೋಯಿತು. ಬೆಳೆ ರೋಗದಿಂದ ಶುರು ಮಾಡಿದ ಮನುಷ್ಯನ ಔಷಧಿ ಬೆಳೆಗೇ ವಾಪಸ್ ಬಂದದ್ದನ್ನು ಸೋಲು ಅನ್ನೋಕೆ ನಮಗಂತೂ ಮನಸ್ಸಿಲ್ಲ.

ಮುಂದೆ ಅವರು ಕ್ಯಾಲಿಫೋರ್ನಿಯಾಗೆ ಹೋಗಿ ಅಲ್ಲೊಂದು ಸಂಶೋಧನಾ ಸಂಸ್ಥೆ ಕಟ್ಟಿದರು, 1999ರಲ್ಲಿ ತೀರಿಕೊಂಡರು. ಅಣಬೆ ರೋಗಕ್ಕೆ ಈಗ ಟ್ರೈಕೋಡರ್ಮಾ, ಬೇವಿನ ಹಿಂಡಿ, ಹೆಕ್ಸಾಕೊನಜೋಲ್ ಅಂತ ಬೇರೆ ಹೆಸರುಗಳೂ ಕೇಳಿಬರುತ್ತವೆ. ಹೆಕ್ಸಾಕೊನಜೋಲನ್ನೂ ಕೊಡೋದು ಬೇರಿಗೆ ಚೀಲ ಕಟ್ಟಿಯೇ.